ಅಜ್ಜಿಯ ಮುಖ ಬರೆಯಲು ವಿಯೆನ್ನಾದ ಹುಡುಗನನ್ನು ಕಾಪಿ ಹೊಡೆದೆವು

ಮುಳಬಾಗಿಲು ಕಡೆಯ ನಮ್ಮ ಗೆಳತಿಯ ಅಜ್ಜಿ ತೀರಿಕೊಂಡ ಮೂರನೇ ದಿನ ಊರ ಬಾಗಿಲಲ್ಲಿ ಫ್ಲೆಕ್ಸ್ ನಿಂತಿತು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡು ಕಡೆ ದೀಪ, ಹಿಂದೆ ಹಿಮದ ಬೆಟ್ಟ, ಒಂದು ಜಲಪಾತ. ನಡುವೆ ಅಜ್ಜಿ.

ಆಧಾರ್ ಕಾರ್ಡಿನದು ಬಿಟ್ಟರೆ ಅಜ್ಜಿಯದು ಬೇರೆ ಫೋಟೊ ಇರಲಿಲ್ಲ. ಅಂಗಡಿಯವರು ಅದನ್ನೇ ದೊಡ್ಡದು ಮಾಡಿ, ಮುಖಕ್ಕೆ ಬಿಳುಪು ಕೊಟ್ಟು, ಸುಕ್ಕು ತೆಗೆದು, ಹಣೆಯ ಮೇಲಿದ್ದ ಹಚ್ಚೆಯನ್ನು ಕಲೆ ಅಂದುಕೊಂಡು ಒರೆಸಿಬಿಟ್ಟಿದ್ದರು. ಎಪ್ಪತ್ತು ವರ್ಷ ಬಿಸಿಲಲ್ಲಿ ರಾಗಿ ಕಳೆ ಕಿತ್ತ ಮುಖ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮನೆಯ ಐದು ವರ್ಷದ ಮಗು ಫ್ಲೆಕ್ಸ್ ಕೆಳಗೆ ನಿಂತು ನೋಡಿ ನೋಡಿ ಹೇಳಿತು: “ಇದಿ ಮಾ ಅವ್ವ ಕಾದು.” ನಮ್ಮ ಜಿಲ್ಲೆಯಲ್ಲಿ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಿಲ್ಲ. ಆದರೂ ಬೇರೆ ಕಡೆ ಓದುವವರಿಗಾಗಿ: ಇದು ನಮ್ಮಜ್ಜಿ ಅಲ್ಲ.

ಮಗು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನಮಗೆ ಹೊಟ್ಟೆ ಉರಿಯಿತು. ನಾಲ್ಕು ತಾಲ್ಲೂಕಿನ ನಾಲ್ಕು ಜನ ಪತ್ರಿಕೋದ್ಯಮ ಓದಿದವರು ನಾವು. ಊರಿನ ಕೆರೆ, ಬೋರ್‌ವೆಲ್, ಟೊಮೆಟೊ ರೇಟು ಎಲ್ಲ ಬರೆದಿದ್ದೇವೆ. ಊರಿನವರ ಮುಖವೇ ಕಣ್ಣೆದುರು ಅಳಿಸಿ ಹೋಗುತ್ತಿರುವುದನ್ನು ಒಂದು ಸುದ್ದಿ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಅಜ್ಜಿಯನ್ನು ಎಣ್ಣೆ ಬಣ್ಣದಲ್ಲಿ ನಾವೇ ಬರೆಯೋಣ ಅಂತ ಹೊರಟಿದ್ದು ಹೀಗೆ. ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾವು ಓದಿದ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸುವ ಪೀರಿಯಡ್. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನಮರ ಇಷ್ಟೇ ನಮ್ಮ ಬಂಡವಾಳ.

ಮಾಲೂರಿನ ಗೆಳೆಯನ ತಂದೆ ಮಾತ್ರ ಹಳೆಯ ಬೋರ್ಡ್ ಪೇಂಟರ್. ನಾವೆಲ್ಲ ಪೇಂಟರ್ ಮಾಮ ಅಂತಲೇ ಕರೆಯುವುದು. ಹೆಂಚಿನ ಫ್ಯಾಕ್ಟರಿಗಳ ಹೆಸರು, ಲಾರಿಯ ಹಿಂಬದಿ, ಸಿನಿಮಾ ಗೋಡೆ, ತೀರಿಹೋದವರ ಭಾವಚಿತ್ರ, ಎಲ್ಲ ಬರೆದ ಕೈ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ತೊಳೆದು ಅಟ್ಟಕ್ಕೆ ಹಾಕಿದವರು. ನಾವು ಭಾನುವಾರ ಭಾನುವಾರ ಅವರ ಹಜಾರದಲ್ಲಿ ಕೂತೆವು.

ಮೊದಲ ಅಜ್ಜಿ ಹೇಗೆ ಬಂದಳು ಅಂತ ಹೇಳಲು ನಾಚಿಕೆಯಾಗುತ್ತದೆ. ಬಿಳಿ ಟ್ಯೂಬು ಅರ್ಧ ಖಾಲಿ. ಬಿಳಿಗೆ ಸ್ವಲ್ಪ ಕೆಂಪು, ಸ್ವಲ್ಪ ಹಳದಿ ಬೆರೆಸಿ ‘ಸ್ಕಿನ್ ಕಲರ್’ ಮಾಡಿ, ಅದಕ್ಕೆ ಕಂದು ಸೇರಿಸಿ ಕಪ್ಪಾಗಿಸಿ, ನೆರಳಿಗೆ ಕಪ್ಪು ಹಚ್ಚಿ, ಬೆರಳಲ್ಲಿ ನುಣ್ಣಗೆ ತೀಡಿದ್ದೆವು. ನೋಡಿದರೆ ಫ್ಲೆಕ್ಸಿನ ಅಜ್ಜಿಯೇ. ಬಯ್ದ ತಪ್ಪನ್ನೇ ಕೈಯಾರೆ ಮಾಡಿದ್ದೆವು. ಚಿಕ್ಕಂದಿನಲ್ಲಿ ಕ್ರೇಯಾನ್ ಡಬ್ಬಿಯ ಒಂದು ತಿಳಿ ಗುಲಾಬಿ ಕಡ್ಡಿಗೆ ‘ಸ್ಕಿನ್ ಕಲರ್’ ಅಂತ ಹೆಸರಿಟ್ಟು, ಕಪ್ಪು ಕೈಯಲ್ಲಿ ಅದನ್ನು ಹಿಡಿದು ನಮ್ಮಪ್ಪ ನಮ್ಮಮ್ಮನ ಮುಖಕ್ಕೆ ಬಳಿದವರಲ್ಲವೇ ನಾವು. ನೀವೂ ಅಷ್ಟೇ.

ಅದೇ ವಾರ ಶ್ರೀನಿವಾಸಪುರದವನು ಫೋನಿನಲ್ಲಿ ಏನೋ ತಿರುವುತ್ತಾ ಒಂದು ಚಿತ್ರ ತೋರಿಸಿದ. ಕಪ್ಪು ಕೋಟಿನ ಹುಡುಗ, ತಲೆ ಓರೆ ಮಾಡಿ ನಮ್ಮನ್ನು ಕೆಕ್ಕರಿಸಿ ನೋಡುತ್ತಿದ್ದಾನೆ. ಪಕ್ಕದಲ್ಲಿ ಕೆಂಪು ಬುಡ್ಡೆಗಳಿರುವ ಒಂದು ಕಡ್ಡಿ ಗಿಡ. ಪೇಂಟರ್ ಮಾಮ ಕನ್ನಡಕ ಹಾಕಿಕೊಂಡು ನೋಡಿದರು.

“ಈ ಹುಡುಗನ ಮಕ ಯಾವ ಬಣ್ಣ ಐತೆ ಹೇಳ್ರಪ್ಪಾ?”

“ಸ್ಕಿನ್ ಕಲರ್ ಮಾಮ.”

“ದೊಡ್ದು ಮಾಡು.”

ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದೆವು. ಕೆನ್ನೆಯಲ್ಲಿ ಹಸಿರು. ಇನ್ನೊಂದು ಕಡೆ ಇಟ್ಟಿಗೆ ಕೆಂಪು, ಮಧ್ಯೆ ಕಂದು, ನೀಲಿ ಛಾಯೆ. ಒಂದು ಬಣ್ಣ ಇನ್ನೊಂದರೊಳಗೆ ಕರಗಿಲ್ಲ, ಪಕ್ಕ ಪಕ್ಕ ಕೂತಿವೆ.

“ಎಲ್ಲೈತೆ ನಿಮ್ಮ ಸ್ಕಿನ್ ಕಲರು? ಮೊದ್ಲು ಇವನ್ನ ಬರೀರಿ. ಅಜ್ಜೀನ ಆಮೇಲೆ ನೋಡನ.”

ಆ ಹುಡುಗನ ಹೆಸರು ಎಗೊನ್ ಶೀಲೆ. ಆಸ್ಟ್ರಿಯಾ ದೇಶದವನು. ಹುಟ್ಟಿದ್ದು 1890ರಲ್ಲಿ, ಟುಲ್ನ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಸ್ಟೇಷನ್ ಮಾಸ್ಟರ್, ಇವನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಈ ಚಿತ್ರ ಬರೆದಾಗ, ಅಂದರೆ 1912ರಲ್ಲಿ, ಶೀಲೆಗೆ ಇನ್ನೂ 22 ವರ್ಷ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗರ ವಯಸ್ಸು. 1918ರ ಅಕ್ಟೋಬರ್‌ನಲ್ಲಿ, ನಮ್ಮ ದೇಶದಲ್ಲೂ ಲಕ್ಷಗಟ್ಟಲೆ ಜನರನ್ನು ಕೊಂದ ಅದೇ ಇನ್‌ಫ್ಲುಯೆಂಜಾ ಜ್ವರಕ್ಕೆ ಶೀಲೆಯ ಬಸುರಿ ಹೆಂಡತಿ ಸತ್ತರು. ಮೂರು ದಿನಕ್ಕೆ ಅವನೂ ಹೋದ. ಆಗ 28.

ಚಿತ್ರ ಈಗ ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲೆ ಬರೆದದ್ದು. ಅಗಲ 40 ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ, ಎತ್ತರ 32. ಮನೆಯ ದೇವರ ಫೋಟೊದಷ್ಟೇ ಅನ್ನಿ. ಪಕ್ಕದಲ್ಲಿರುವ ಗಿಡ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಬುಡ್ಡೆ ಹಣ್ಣಿನ ದಾಯಾದಿ. ಕಾಗದದಂಥ ಬುಡ್ಡೆಯೊಳಗೆ ಹಣ್ಣು ಕೂತಿರುತ್ತದಲ್ಲ, ಚಿಕ್ಕವರಿದ್ದಾಗ ಹಣೆಗೆ ಹೊಡೆದು ಟಪ್ ಅನ್ನಿಸುತ್ತಿದ್ದೆವಲ್ಲ, ಅದೇ ಜಾತಿ. ಅಲ್ಲಿಯದು ಕೆಂಪು, ನಮ್ಮದು ಹಸಿರು. ದೂರದ ಚಿತ್ರದಲ್ಲಿ ಪರಿಚಯದ ಗಿಡ ಸಿಕ್ಕಿದ್ದೇ ನಮಗೆ ಧೈರ್ಯ ಬಂತು.

ಇಂಥವರ ಚಿತ್ರಕಲೆಗೆ ಎಕ್ಸ್‌ಪ್ರೆಷನಿಸಂ ಅನ್ನುತ್ತಾರೆ. ಕಣ್ಣಿಗೆ ಕಂಡದ್ದನ್ನು ಇದ್ದಂತೆ ಇಳಿಸುವುದಕ್ಕಿಂತ ಒಳಗೆ ಆದದ್ದನ್ನು ಬಣ್ಣ, ಗೆರೆಯಲ್ಲಿ ಹೊರಗೆ ತರಬೇಕು, ಅದಕ್ಕಾಗಿ ಮುಖ ಸೊಟ್ಟಗಾದರೂ ಸರಿ, ಹಸಿರಾದರೂ ಸರಿ ಎಂದವರು. ಹಾಗಾದರೆ ಆ ಹಸಿರು ನಿಜವಾದ ಹಸಿರಲ್ಲವಲ್ಲ, ಅದನ್ನು ನೋಡಿ ಮುಖ ಬರೆಯುವುದು ಹೇಗೆ ಕಲಿತಂತಾಗುತ್ತದೆ ಅಂತ ಕೋಲಾರದವಳು ಜಗಳ ತೆಗೆದಳು. ಮಾಮ ಹೇಳಿದ್ದು ಇಷ್ಟು: ಯಾವ ಮುಖದಲ್ಲೂ ಹಸಿರು, ನೀಲಿ, ಕೆಂಪು ಸಣ್ಣದಾಗಿ ಇದ್ದೇ ಇರುತ್ತೆ, ಇವನು ಅದನ್ನು ಹತ್ತು ಪಟ್ಟು ಜೋರು ಮಾಡಿದ್ದಾನೆ. ಕಿವಿ ಮಂದ ಇರುವವರಿಗೆ ಜೋರಾಗಿ ಹೇಳುವುದಿಲ್ಲವೇ, ಹಾಗೆ. ನಮ್ಮ ಕಣ್ಣು ಮಂದ, ನಮಗೆ ಜೋರಾಗಿಯೇ ಹೇಳಬೇಕು.

ಈಗ ‘ಕಾಪಿ’ ಅನ್ನುವ ಮಾತಿಗೆ ಬರುತ್ತೇವೆ. ನಮ್ಮ ಕಡೆ ಈ ಶಬ್ದಕ್ಕೆ ಮರ್ಯಾದೆ ಇಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚೀಟಿ ನೆನಪಾಗುತ್ತದೆ. ನಾವು ಕಾಪಿ ಮಾಡುತ್ತಿದ್ದೇವೆ ಅಂದಾಗ ಒಬ್ಬ ಹಿರಿಯ ಸ್ನೇಹಿತರು ಮುಖಕ್ಕೇ ಹೇಳಿದರು, ಸ್ವಂತ ತಲೆ ಇಲ್ವೇನ್ರೋ ಅಂತ.

ಅವರಿಗೆ ನಮ್ಮ ಉತ್ತರ ಮಾಲೂರು ತಾಲ್ಲೂಕಿನಲ್ಲೇ ಇದೆ. ಶಿವಾರಪಟ್ಟಣಕ್ಕೆ ಹೋಗಿ ನೋಡಲಿ. ದೇವರ ವಿಗ್ರಹ ಕಡೆಯುವ ಶಿಲ್ಪಿಗಳ ಊರು ಅದು. ಹಿರಿಯರ ಗೆರೆಯ ಮೇಲೆ ಗೆರೆ ಎಳೆದು ಕೈ ಪಳಗಿಸುವುದು ಶಿಲ್ಪಿಗಳ ಮನೆಯ ಹಳೆಯ ಪದ್ಧತಿ. ನವತಾಳ ಅಂದರೆ ಮುಖದ ಒಂಬತ್ತರಷ್ಟು ಮೈ ಎತ್ತರ ಎಂಬ ಲೆಕ್ಕ ಪುಸ್ತಕ ಓದಿ ಬರುವುದಲ್ಲ, ನೂರು ಸಲ ಎಳೆದು ಬರುವುದು. ತಮಟೆ ಕಲಿಯುವವನು ಪಕ್ಕದವನ ಕೈ ನೋಡಿಯೇ ಬಾರಿಸುತ್ತಾನೆ. ಸಂಗೀತದ ಮನೆಗಳಲ್ಲಿ ಗುರು ಹಾಡಿದ್ದನ್ನು ಶಿಷ್ಯೆ ತಿರುಗಿ ಹಾಡುತ್ತಾಳೆ. ಅವರನ್ನೆಲ್ಲ ಕಳ್ಳರು ಅನ್ನುತ್ತೇವೆಯೇ?

ಶೀಲೆಯೇ ದೊಡ್ಡ ಕಾಪಿಗಾರ. 1907ರಲ್ಲಿ ಕ್ಲಿಮ್ಟ್ ಎಂಬ ಹಿರಿಯ ಚಿತ್ರಕಾರನ ಪರಿಚಯವಾಯಿತು. ಆಮೇಲೆ ಒಂದೆರಡು ವರ್ಷ ಶೀಲೆ ಬರೆದದ್ದರಲ್ಲಿ ಕ್ಲಿಮ್ಟ್‌ನ ನೆರಳೇ ಹೆಚ್ಚು. ವ್ಯಾನ್ ಗೋ ಹುಚ್ಚಾಸ್ಪತ್ರೆಯಲ್ಲಿದ್ದ 1889-90ರಲ್ಲಿ ಮಿಲೆ ಬರೆದ ರೈತರ ಚಿತ್ರಗಳನ್ನು ಕಪ್ಪು ಬಿಳುಪು ಮುದ್ರಣ ನೋಡಿಕೊಂಡು, ಬಣ್ಣ ತಾನೇ ಹಾಕಿ, ಒಂದಾದ ಮೇಲೊಂದು ಬರೆದ. ಬೇರೆಯವರು ರಚಿಸಿದ ಸಂಗೀತವನ್ನು ವಾದ್ಯಗಾರ ತನ್ನ ರೀತಿಯಲ್ಲಿ ನುಡಿಸಿದ ಹಾಗೆ ಇದು ಅಂತ ತಮ್ಮನಿಗೆ ಕಾಗದ ಬರೆದ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಇವತ್ತಿಗೂ ಕಾಪಿ ಮಾಡುವವರಿಗೆ ಪರವಾನಗಿ ಕೊಟ್ಟು ಒಳಗೆ ಕೂರಿಸುತ್ತದೆ. ಎರಡು ಕಟ್ಟಳೆ: ಅಳತೆ ಮೂಲ ಚಿತ್ರದಷ್ಟೇ ಇರಬಾರದು, ಮೂಲ ಕಲಾವಿದನ ಸಹಿ ಹಾಕಬಾರದು. ನಾವೂ ಅದನ್ನೇ ಪಾಲಿಸಿದೆವು. ಕಾನೂನಿನ ಭಯವೂ ಬೇಡ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಶೀಲೆ ಹೋಗಿ ನೂರು ದಾಟಿದೆ.

ಇನ್ನೊಂದು ಪ್ರಶ್ನೆ ಬಂತು, ಇದು ಸ್ವಲ್ಪ ಗಟ್ಟಿ ಪ್ರಶ್ನೆ. ನಮ್ಮವರು ಯಾರೂ ಇರಲಿಲ್ಲವೇ, ವಿಯೆನ್ನಾಕ್ಕೆ ಯಾಕೆ ಹೋದಿರಿ? ರವಿವರ್ಮರನ್ನು ನೋಡಿದೆವು. ಅವರೂ ಎಣ್ಣೆ ಬಣ್ಣ ಕಲಿತದ್ದು ಹೆಚ್ಚಾಗಿ ಕದ್ದು ನೋಡಿಯೇ. ತಿರುವಾಂಕೂರಿನ ಅರಮನೆಗೆ ಬಂದಿದ್ದ ಯೂರೋಪಿನ ಚಿತ್ರಕಾರ ಹೇಳಿಕೊಡಲು ಒಪ್ಪದೆ, ಕೆಲಸ ಮಾಡುವಾಗ ನೋಡಲು ಮಾತ್ರ ಬಿಟ್ಟನಂತೆ. ಆದರೆ ರವಿವರ್ಮರ ದೇವಿಯರ ಬಿಳುಪು, ನುಣುಪು ಕ್ಯಾಲೆಂಡರ್ ಹಿಡಿದು ನಮ್ಮ ಮನೆ ಗೋಡೆಗಳಲ್ಲಿ ನೂರು ವರ್ಷದಿಂದ ಕೂತಿದೆ. ಫ್ಲೆಕ್ಸ್ ಅಂಗಡಿಯವರ ಕಣ್ಣೂ, ನಮ್ಮ ಕಣ್ಣೂ ಪಳಗಿದ್ದು ಅಲ್ಲೇ. ಆ ಅಭ್ಯಾಸ ಬಿಡಿಸಿಕೊಳ್ಳಲು ಹೊರಟವರಿಗೆ ಅದೇ ಪಾಠ ಆಗುವುದಿಲ್ಲ. ನಮ್ಮ ವೆಂಕಟಪ್ಪನವರು ಕೈಯಾಡಿಸಿದ್ದು ಹೆಚ್ಚಾಗಿ ಜಲವರ್ಣದಲ್ಲಿ. ರವೀಂದ್ರನಾಥ ಠಾಕೂರರು ಅರವತ್ತು ದಾಟಿದ ಮೇಲೆ ಬರೆದ ಮುಖಗಳು ಶೀಲೆಯ ಹತ್ತಿರದವೇ, ಆದರೆ ಅವು ಹೆಚ್ಚಿನವು ಇಂಕಿನಲ್ಲಿ, ಕಾಗದದ ಮೇಲೆ. ಕೆ.ಕೆ. ಹೆಬ್ಬಾರರನ್ನು ಮುಂದೆ ಕಾಪಿ ಮಾಡುವ ಆಸೆ ಇದೆ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿ, ಚಿತ್ರಕಲಾ ಪರಿಷತ್ತು ಎರಡನ್ನೂ ನೀವು ಒಮ್ಮೆ ನೋಡಿ. ಚಿತ್ರವನ್ನು ಫೋನಿನಲ್ಲಿ ನೋಡುವುದು ಬೇರೆ, ಎದುರು ನಿಂತು ನೋಡುವುದು ಬೇರೆ.

ಕೆಲಸದ ಮಾತು. ಹಾರ್ಡ್‌ಬೋರ್ಡ್ ತಂದು ಬಿಳಿ ಪ್ರೈಮರ್ ಎರಡು ಕೋಟು ಹೊಡೆದೆವು. ಫೋನಿನ ಚಿತ್ರದ ಮೇಲೆ ಚೌಕ, ಬೋರ್ಡಿನ ಮೇಲೆ ಚೌಕ. ಗೋಡೆ ಬರೆಯುವ ಪೇಂಟರ್‌ಗಳ ಹಳೆಯ ಉಪಾಯವೇ ಇದು, ಮಾಮನಿಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ. ಮೊದಲು ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಗೆರೆ, ನೆರಳು. ಅದು ಒಣಗಿದ ಮೇಲೆ ದಪ್ಪ ಬಣ್ಣ, ಅದಕ್ಕೆ ಅಗಸೆ ಎಣ್ಣೆ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಉಲ್ಟಾ ಮಾಡಿದರೆ ಮೇಲಿನದು ಮೊದಲು ಒಣಗಿ, ಮುಂದೆ ಕೆರೆಯಂಗಳದ ಮಣ್ಣಿನ ಹಾಗೆ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ, ಗಾಳಿಯೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಹಾಗಾಗಿ ದಿನಗಟ್ಟಲೆ ಕಾಯಬೇಕು. ಇದೇ ಕಾರಣಕ್ಕೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೊಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಕಿಟಕಿ ತೆಗೆದಿಡಿ, ಟರ್ಪೆಂಟೈನ್ ವಾಸನೆ ತಲೆಗೆ ಏರುತ್ತದೆ. ಫೋನಿನ ಬೆಳಕನ್ನು ಒಂದೇ ಅಳತೆಯಲ್ಲಿಡಿ. ನಮ್ಮ ನಾಲ್ವರ ಫೋನಿನಲ್ಲೂ ಅದೇ ಕೆನ್ನೆ ನಾಲ್ಕು ಬಣ್ಣದಲ್ಲಿ ಕಂಡು ಒಂದು ಭಾನುವಾರವೇ ಹಾಳಾಯಿತು.

ಕಲಿತದ್ದರಲ್ಲಿ ದೊಡ್ಡದು ನೆರಳು. ನೆರಳು ಅಂದರೆ ಕಪ್ಪು ಅಂತ ತಿಳಿದಿದ್ದೆವು. ಶೀಲೆಯ ಕೆನ್ನೆಯ ಗುಳಿಯಲ್ಲಿ ಕಪ್ಪು ಹಚ್ಚಿದಾಗೆಲ್ಲ ಅಲ್ಲಿ ತೂತು ಬಿದ್ದಂತೆ ಕಂಡಿತು. ಕೆರೆದು ತೆಗೆದು ಹಸಿರು, ಪಕ್ಕದಲ್ಲಿ ಕೆಂಪು ಇಟ್ಟಾಗ ಮೂಳೆ ಎದ್ದು ಬಂತು. ಆ ಕ್ಷಣ ಶ್ರೀನಿವಾಸಪುರದವನು ಓ ಅಂತ ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಎರಡನೆಯದು, ತೀಡಬಾರದು. ಹಚ್ಚಿದ ಕಡೆ ಬಿಟ್ಟುಬಿಡಬೇಕು. ಬೆರಳು ತುರಿಸುತ್ತದೆ, ನುಣ್ಣಗೆ ಮಾಡೋಣ ಅನ್ನಿಸುತ್ತದೆ. ಫೋನಿನ ಬ್ಯೂಟಿ ಕ್ಯಾಮೆರಾ ನಮ್ಮ ಬೆರಳಿನಲ್ಲೇ ಬಂದು ಕೂತಿದೆ.

ಆರು ಭಾನುವಾರ ಆದ ಮೇಲೆ ನಾಲ್ಕು ಕಾಪಿಗಳನ್ನು ಗೋಡೆಗೆ ಒರಗಿಸಿದೆವು. ಒಂದೇ ಚಿತ್ರ, ಒಂದೇ ಚೌಕ, ನಾಲ್ಕು ಬೇರೆ ಬೇರೆ ಹುಡುಗರು. ಮುಳಬಾಗಿಲಿನವಳ ಶೀಲೆಗೆ ಕೋಪ ಬಂದಿತ್ತು. ಶ್ರೀನಿವಾಸಪುರದವನದು ಮಾವಿನ ಮಂಡಿಯಲ್ಲಿ ರೇಟು ಬೀಳುವುದನ್ನು ನೋಡುತ್ತಾ ನಿಂತ ಹಾಗಿತ್ತು. ಮಾಮ ಬಾಯಿ ತುಂಬ ನಕ್ಕರು. ಇಷ್ಟು ಕಷ್ಟಪಟ್ಟು ಕಾಪಿ ಹೊಡೆದರೂ ಕಾಪಿಯಾಗದೆ ಉಳಿದದ್ದು ಏನೋ, ಅದು ನಿಮ್ಮದು ಅಂದರು. ಸ್ವಂತ ತಲೆ ಇಲ್ವೇನ್ರೋ ಅಂದವರನ್ನು ಆಗ ಕರೆಸಬೇಕಿತ್ತು.

ಆಮೇಲೆ ಫೋನು ಒಳಗಿಟ್ಟು ಕನ್ನಡಿ. ಶೀಲೆ ಕನ್ನಡಿ ಮುಂದೆ ತನ್ನನ್ನೇ ಮತ್ತೆ ಮತ್ತೆ ಬರೆದವನು. ವ್ಯಾನ್ ಗೋ ಮಾಡೆಲ್‌ಗೆ ದುಡ್ಡಿಲ್ಲದೆ ಒಂದು ಒಳ್ಳೆಯ ಕನ್ನಡಿ ಕೊಂಡಿದ್ದ. ಸಂಬಳ ಕೇಳದ, ಎದ್ದು ಹೋಗದ ಮಾಡೆಲ್ ಅಂದರೆ ನಮ್ಮ ಮುಖವೇ. ಮೊದಲೆರಡು ಸಲ ನಮ್ಮೆಲ್ಲರ ಕೆನ್ನೆಯೂ ಶೀಲೆಯ ಹಾಗೆ ಗುಳಿ ಬಿದ್ದು, ಕ್ಷಯ ಹಿಡಿದವರಂತೆ ಬಂದೆವು. ಕಾಪಿ ಮಾಡಿ ಕಲಿಯುವುದರ ಅಪಾಯ ಇದು, ಮುಚ್ಚಿಡುವುದಿಲ್ಲ. ಗುರುವಿನ ಕೈ ನಮ್ಮ ಕೈಗೆ ಅಂಟಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಮತ್ತೆ ಬರೆಯಬೇಕು, ಬೇರೆ ಉಪಾಯವಿಲ್ಲ. ಮೂರನೇ ಸಲ ಕಣ್ಣು ತೆರೆಯಿತು. ಬಾಗಿಲಿನ ಕಡೆಯ ಹಣೆಯಲ್ಲಿ ಆಕಾಶದ ನೀಲಿ. ದವಡೆಯ ಕೆಳಗೆ ರೆಡ್ ಆಕ್ಸೈಡ್ ನೆಲದ ಕೆಂಪು. ಕಪ್ಪು ಮೈಯಲ್ಲಿ ಬೆಳಕು ಬಿದ್ದ ಕಡೆ ಇಷ್ಟು ಬಣ್ಣ ಇರುತ್ತದೆ ಅಂತ ಇಪ್ಪತ್ತೈದು ವರ್ಷ ಯಾರೂ ನಮಗೆ ಹೇಳಿರಲಿಲ್ಲ. ಹೇಳಿದ್ದೆಲ್ಲ ಯಾವ ಕ್ರೀಮು ಹಚ್ಚಬೇಕು ಅಂತ. ಆ ಚಿತ್ರ ಮುಗಿದಾಗ ನೀಲಿ, ಕಾವಿ, ಹಳದಿ ಮಣ್ಣಿನ ಟ್ಯೂಬುಗಳು ಚಪ್ಪಟೆಯಾಗಿದ್ದವು. ಬಿಳಿ ಟ್ಯೂಬು ಹಾಗೇ ಉಳಿದಿತ್ತು.

ಅದಕ್ಕೆ ನಮ್ಮದೊಂದು ಒತ್ತಾಯ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿದೆ. ಅಲ್ಲಿ ಒಂದು ಕನ್ನಡಿ, ಒಂದು ಬಣ್ಣದ ಸೆಟ್ಟು, ನಾಲ್ಕು ಹಾರ್ಡ್‌ಬೋರ್ಡ್ ತುಂಡು ಇಡಲಿ. ಪ್ರತಿ ತಾಲ್ಲೂಕಿನಲ್ಲೂ ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರ್‌ಗಳಿದ್ದಾರೆ, ಅವರನ್ನು ವಾರಕ್ಕೊಂದು ದಿನ ಕರೆದು ಗೌರವಧನ ಕೊಡಲಿ. ಡ್ರಾಯಿಂಗ್ ಮೇಷ್ಟ್ರು ಇರುವ ಶಾಲೆಗಳಲ್ಲಿ ಬೆಟ್ಟ ಸೂರ್ಯ ಸಾಕು, ಮಕ್ಕಳು ಒಂದು ಸಲವಾದರೂ ತಮ್ಮ ಮುಖ ಬರೆಯಲಿ. ಕ್ರೇಯಾನಿನ ಆ ಗುಲಾಬಿ ಕಡ್ಡಿಗೆ ಗುಲಾಬಿ ಅಂತಲೇ ಹೇಳಿಕೊಡಲಿ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಒಂದು ಹುಟ್ಟುಹಬ್ಬದ ಫ್ಲೆಕ್ಸ್ ಸಾಲಿನ ಖರ್ಚಿನಲ್ಲಿ ಆಗಿಹೋಗುತ್ತದೆ. ಯಾರ ಹುಟ್ಟುಹಬ್ಬ ಅಂತ ನಾವು ಹೇಳುವುದಿಲ್ಲ, ನಿಮ್ಮ ಸರ್ಕಲ್ಲಿನಲ್ಲಿ ನೋಡಿಕೊಳ್ಳಿ.

ಅಜ್ಜಿಯನ್ನು ಕಳೆದ ತಿಂಗಳು ಶುರು ಮಾಡಿದೆವು. ಆಧಾರ್ ಫೋಟೊದಲ್ಲಿ ಮೂಗು, ಬಾಯಿಯ ಅಳತೆ ಸಿಕ್ಕಿತು. ಉಳಿದದ್ದು ಮನೆಯವರ ಬಾಯಿಂದ. ಎಲೆ ಅಡಿಕೆಯ ಕೆಂಪು ತುಟಿಯ ಬಲಗಡೆ ಜಾಸ್ತಿ ಅಂತ ಸೊಸೆ. ಎಡಗಣ್ಣು ಪೊರೆ ಬಂದು ಸ್ವಲ್ಪ ನೀಲಿ ಅಂತ ಮಗ. ಮೂಗುಬೊಟ್ಟು ಯಾವ ಕಡೆ ಅಂತ ಅರ್ಧ ಗಂಟೆ ಜಗಳ. ಹಚ್ಚೆಯನ್ನು ಮಾತ್ರ ಯಾರನ್ನೂ ಕೇಳಲಿಲ್ಲ, ಮುಳಬಾಗಿಲಿನವಳಿಗೆ ಕೈಯೇ ಗೊತ್ತಿತ್ತು, ಚಿಕ್ಕವಳಿದ್ದಾಗ ಅಜ್ಜಿ ತೊಡೆಯ ಮೇಲೆ ಮಲಗಿ ಬೆರಳಲ್ಲಿ ತಿದ್ದಿದ್ದು. ಶೀಲೆಯ ಕೆನ್ನೆಗೆ ಬೆರೆಸಿದ ಹಸಿರಿಗೇ ಚೂರು ನೀಲಿ ಹಾಕಿ ಬರೆದಳು.

ಹೋದ ಭಾನುವಾರ ಅವಳ ಅಮ್ಮ ನೋಡಲು ಬಂದರು. ತುಂಬ ಹೊತ್ತು ಮಾತಾಡಲಿಲ್ಲ. ಹತ್ತಿರ ಹೋಗಿ, ನಾವು ಬೇಡ ಬೇಡ ಅನ್ನುವಷ್ಟರಲ್ಲಿ, ಹಣೆಯ ಮೇಲೆ ಬೆರಳಿಟ್ಟರು. ಬಣ್ಣ ಇನ್ನೂ ಹಸಿ. ಹಚ್ಚೆಯ ಒಂದು ಚುಕ್ಕೆ ಬೆರಳಿಗೆ ಹತ್ತಿತು. ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಬೆರಳು ಎತ್ತಿ ಹಿಡಿದುಕೊಂಡು ಬಸ್ಸು ಹತ್ತಿದರು. ಮುಂದಿನ ವಾರ ಆ ಚುಕ್ಕೆಯನ್ನು ಮತ್ತೆ ಇಡಬೇಕು.